ಕೆಳಗಿನ ಸಾಲಿನ ಇಲಿಗಳು

ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆ ಹೋಗುವಾಗ, ವೃಷಭಾವತಿಯ ದಡಕ್ಕೆ ಇಳಿಯುವ ಮಣ್ಣುಹಾದಿಯ ತಲೆಯಲ್ಲಿ ನಮ್ಮ ಸಂಸ್ಥೆಯ ಬೋರ್ಡು ನಿಂತಿತ್ತು: ಯಕೃತ್ತು, ಪಿತ್ತಕೋಶ ಮತ್ತು ಪಿತ್ತನಾಳಗಳ ಸಂಶೋಧನಾಲಯ. ಇಷ್ಟೆಲ್ಲ ಹಿಡಿಸಬೇಕಾಗಿದ್ದರಿಂದ ಬೋರ್ಡು ಕಟ್ಟಡಕ್ಕಿಂತ ಅಗಲವಾಗಿತ್ತು. ನಾನು ಅಲ್ಲಿ ಟೈಪಿಸ್ಟ್. ವಿಜಯನಗರದಿಂದ ದಿನಾ ಸೈಕಲ್ ತುಳಿದುಕೊಂಡು ಬಂದು, ಯಾರೂ ಓದದ ವರದಿಗಳನ್ನು ನಾಲ್ಕು ನಾಲ್ಕು ಪ್ರತಿ ಕುಟ್ಟುವುದು ನನ್ನ ಕೆಲಸ.

ಬೋರ್ಡಿನಲ್ಲಿದ್ದ ಮೂರರಲ್ಲಿ ಪಿತ್ತಕೋಶ ಬೇಗ ಕೈಬಿಟ್ಟುಹೋಯಿತು. ನಿರ್ದೇಶಕರಾದ ಡಾಕ್ಟರ್ ಶಂಭುಲಿಂಗಪ್ಪನವರು ಪಿತ್ತಕೋಶದ ಕಲ್ಲಿನ ಮೇಲೆ ಸಂಶೋಧನೆ ಮಾಡುತ್ತೇವೆಂದು ದೆಹಲಿಗೆ ಬರೆದು, ಮಂಜೂರಾತಿ ತರಿಸಿ, ಬಿಳಿ ಇಲಿಗಳನ್ನು ಬುಟ್ಟಿಗಟ್ಟಲೆ ಕೊಂಡರು. ಆಮೇಲೆ ನೋಡಿದರೆ ಇಲಿಗೆ ಪಿತ್ತಕೋಶವೇ ಇಲ್ಲ. ದೇವರೇ ಕೊಡದಿದ್ದ ಅಂಗವನ್ನು ದೆಹಲಿಯವರು ಮಂಜೂರು ಮಾಡುವ ಹಾಗಿರಲಿಲ್ಲ. ಆ ವಿಭಾಗದ ಕೋಣೆಗೆ ಮುರಿದ ಕುರ್ಚಿಗಳನ್ನು ತುಂಬಿ ಬೀಗ ಹಾಕಿದರು. ಪಿತ್ತನಾಳದ ವಿಭಾಗದಲ್ಲಿ ಗೋಡೆಗೆ ಒಂದು ಬಣ್ಣದ ಪಟ ಮಾತ್ರ ಇತ್ತು. ಉಳಿದದ್ದು ಯಕೃತ್ತು ಮತ್ತು ಇಲಿಗಳು.

ಆ ಇಲಿಗಳನ್ನು ನೋಡಿಕೊಳ್ಳುತ್ತಿದ್ದವಳು ಚಿಕ್ಕಗಂಗಮ್ಮ. ಜ್ಞಾನಭಾರತಿಯ ಆಚೆಗಿದ್ದ ಒಂದು ಹಳ್ಳಿಯವಳು. ಹಳ್ಳಿ ಎನ್ನುವುದು ಹೆಸರಿಗಷ್ಟೇ. ರಾಗಿಹೊಲಗಳೆಲ್ಲ ಸೈಟುಗಳಾಗಿ, ಊರಿನ ಅರಳಿಕಟ್ಟೆಗೊಂದು ನಂಬರು ಬೀಳುವುದು ಬಾಕಿ ಇತ್ತು. ಗಂಡ ಮುನಿರಾಮಯ್ಯ ಕಾಮಾಕ್ಷಿಪಾಳ್ಯದ ವರ್ಕ್‌ಶಾಪೊಂದರಲ್ಲಿ ಕಾವಲುಗಾರ. ಮೈದುನಂದಿರು ತಮ್ಮ ಪಾಲಿನ ಜಮೀನು ಮಾರಿ ತಾರಸಿ ಮನೆ ಕಟ್ಟಿಸಿಕೊಂಡರು, ಇವರ ಪಾಲಿನದು ಒಂದು ಲೇಔಟಿನ ರಸ್ತೆಯೊಳಕ್ಕೆ ಸೇರಿಹೋಯಿತು. ತನ್ನ ಹೊಲದ ಮೇಲೆ ಈಗ ಬಸ್ಸು ಹೋಗುತ್ತದೆಂದು ಹೇಳುವಾಗ ಅವಳ ಮುಖ ಸಣ್ಣಗಾಗುತ್ತಿತ್ತು. ಅದಕ್ಕೇ ಅವಳಿಗೆ ಇದ್ದದ್ದು ಒಂದೇ ಆಸೆ, ಕೆಲಸ ಕಾಯಂ ಆಗಬೇಕು.

"ನೆಲ ಹೋಯ್ತು ಲಕ್ಷ್ಮೀಪತಣ್ಣ. ಇದಾದ್ರೂ ನಂದು ಅಂತ ಆಗ್ಲಿ" ಎಂದು ನನ್ನ ಮೇಜಿನ ಹತ್ತಿರ ನಿಂತು ಹೇಳುತ್ತಿದ್ದಳು. ದಿನಗೂಲಿಯವಳಾಗಿ ಸೇರಿ ವರ್ಷಗಳೇ ಆಗಿದ್ದವು. ಅವಳು ಸೇರಿದಾಗ ಇದ್ದ ಇಲಿಗಳ ಮರಿಮಕ್ಕಳ ಮರಿಮಕ್ಕಳು ಕೂಡ ಸಂಶೋಧನೆಗೆ ಸಂದಿದ್ದವು. ಅವಳ ಕಡತ ಮಾತ್ರ ಇಟ್ಟ ಕಡೆಯೇ ಇತ್ತು.

ಅವಳ ಇನ್ನೊಂದು ಗುಣವನ್ನು ಇಲ್ಲೇ ಹೇಳಿಬಿಡಬೇಕು. ಆ ಸುತ್ತಿನ ಹಳ್ಳಿಗಳಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಬಡಿಸುವುದಕ್ಕೆ ಚಿಕ್ಕಗಂಗಮ್ಮನೇ ಬರಬೇಕು. ಅಡಿಗೆ ಯಾರಾದರೂ ಮಾಡಲಿ, ಬಡಿಸುವ ಕೈ ಅವಳದು. ಪಂಕ್ತಿಯ ಮೊದಲಲ್ಲಿ ಕೂತ ಪಂಚಾಯತಿ ಚೇರ್ಮನ್ನರಿಗೆ ಎಷ್ಟು ತುಪ್ಪವೋ ಕೊನೆಯಲ್ಲಿ ಕೂತ ಗಾಡಿ ಹೊಡೆಯುವವನಿಗೂ ಅಷ್ಟೇ. ಇದರಿಂದ ಹಲವು ಚೇರ್ಮನ್ನರಿಗೆ ಅವಳ ಮೇಲೆ ಸಿಟ್ಟಿತ್ತು. ಅವಳು ಸಣ್ಣವಳಿದ್ದಾಗ ಕೆಂಗೇರಿಯ ಸಿರಿವಂತ ನೆಂಟರ ಮದುವೆಯಲ್ಲಿ ಪಕ್ಕದ ಎಲೆಗೆ ತುಪ್ಪ ಬಿದ್ದು, ಇವಳ ತಾಯಿಯ ಎಲೆಯ ಒಬ್ಬಟ್ಟಿನ ಮೇಲೆ ಮಾತ್ರ ತುಪ್ಪದ ಮಿಳ್ಳೆ ನಿಲ್ಲದೆ ಮುಂದೆ ಹೋಯಿತಂತೆ. ತಾಯಿ ಎಲೆ ಮಡಿಸಿ ಎದ್ದು, ಎಂಜಲು ಕೈಯಲ್ಲೇ ಮಗಳನ್ನು ಎಳೆದುಕೊಂಡು ಊರಿಗೆ ನಡೆದಳು. ಆ ಕೈಯ ಹಿಡಿತ ಚಿಕ್ಕಗಂಗಮ್ಮನಿಗೆ ಕೊನೆಯವರೆಗೂ ನೆನಪಿತ್ತು.

ಎಂಬತ್ತರ ದಶಕ ಅರ್ಧ ಸವೆದಿದ್ದಾಗ ಶಂಭುಲಿಂಗಪ್ಪನವರು ಕಾಮಾಲೆಗೆ ಔಷಧಿ ಕಂಡುಹಿಡಿಯುವುದೆಂದು ತೀರ್ಮಾನಿಸಿದರು. ಔಷಧಿ ಬೇರೇನಲ್ಲ, ನಮ್ಮ ಅಂಗಳದಲ್ಲೇ ಬೆಳೆದಿದ್ದ ನೆಲನೆಲ್ಲಿಯ ಕಷಾಯ. ಅದನ್ನು ಆ ಸೀಮೆಯ ಎಲ್ಲ ಅಜ್ಜಿಯರೂ ಕಾಮಾಲೆಗೆ ಅರೆದು ಕೊಡುತ್ತಿದ್ದರು, ಆದರೆ ಅಜ್ಜಿಯರ ಹತ್ತಿರ ಇಲಿಗಳಿರಲಿಲ್ಲ. ಮೊದಲು ಎಲ್ಲ ಇಲಿಗಳಿಗೂ ಡ್ರೈ ಕ್ಲೀನಿಂಗ್‌ನವರು ಬಟ್ಟೆಗೆ ಬಳಸುವಂಥ ಒಂದು ದ್ರಾವಣ ಕೊಟ್ಟು ಯಕೃತ್ತು ಕೆಡಿಸುವುದು. ಆಮೇಲೆ ಕಪಾಟಿನ ಮೇಲಿನ ಸಾಲಿನ ಪಂಜರಗಳಿಗೆ ಕಷಾಯ, ಕೆಳಗಿನ ಸಾಲಿಗೆ ಬರೀ ನೀರು. ಮೇಲಿನವು ಚೇತರಿಸಿಕೊಂಡು ಕೆಳಗಿನವು ಸತ್ತರೆ ಕಷಾಯ ಗೆದ್ದಂತೆ. ರಕ್ತ ತೆಗೆದು ಪರೀಕ್ಷೆ ಮಾಡುವ ಹೊಣೆ ಗಿರಿಜಾದೇವಿ ಎಂಬ ಸಂಶೋಧನಾ ವಿದ್ಯಾರ್ಥಿನಿಯದು. ಕುಡಿಸುವ ಹೊಣೆ ಚಿಕ್ಕಗಂಗಮ್ಮನದು.

ನಿರ್ದೇಶಕರು ಅವಳನ್ನು ಕೋಣೆಗೆ ಕರೆಸಿ ಆಡಿದ ಮಾತು ನನ್ನ ಎದುರಿಗೇ ನಡೆದದ್ದು. ಎರಡು ಸಾಲಿನ ನಡುವೆ ಒಳ್ಳೆಯ ವ್ಯತ್ಯಾಸ ಕಂಡರೆ ದೆಹಲಿಯಿಂದ ದೊಡ್ಡ ಅನುದಾನ ಬರುತ್ತದೆ, ಅನುದಾನ ಬಂದರೆ ನಿನ್ನ ಹುದ್ದೆ ಕಾಯಂ, ಎಂದರು. ಅವಳು ಎರಡೂ ಕೈ ಜೋಡಿಸಿದಳು. ನಿರ್ದೇಶಕರು ಇಲಿಮನೆಗೆ ಕಾಲಿಡುತ್ತಿರಲಿಲ್ಲ, ಅವರಿಗೆ ವಾಸನೆ ಆಗುತ್ತಿರಲಿಲ್ಲ. ಹೀಗಾಗಿ ಕಾಮಾಲೆಯ ಸಂಶೋಧನೆ ಪೂರ್ತಿಯಾಗಿ ಅವಳ ಕೈಗೆ ಬಂತು.

ದ್ರಾವಣ ಕುಡಿದ ಇಲಿಗಳು ಮೂಲೆ ಹಿಡಿದವು. ಚಿಕ್ಕಗಂಗಮ್ಮ ಮೇಲಿನ ಸಾಲಿನ ಬಾಟಲಿಗಳಿಗೆ ಕಷಾಯ ಹಾಕಿ, ಕೆಳಗಿನ ಸಾಲಿಗೆ ಬಂದು, ನೀರಿನ ಮಗ್ಗು ಹಿಡಿದು ನಿಂತುಬಿಟ್ಟಳು. ಕೆಳಗಿನವೂ ಹಾಗೇ ಕೂದಲು ನಿಮಿರಿಸಿಕೊಂಡು ಮುದುರಿದ್ದವು. ಗಿರಿಜಾದೇವಿ ಬಂದಾಗ ಅವಳನ್ನೇ ಕೇಳಿದಳು.

"ಅಮ್ಮಣ್ಣೀ, ಕೆಳಗಿನವು ಏನ್ ತಪ್ಪು ಮಾಡಿದ್ವು?"

"ತಪ್ಪೇನಿಲ್ಲ ಚಿಕ್ಕಗಂಗಮ್ಮ. ಅವಕ್ಕೆ ಕೊಡದೆ ಇದ್ರೇನೇ ಇವಕ್ಕೆ ಕೊಟ್ಟಿದ್ದು ಕೆಲಸ ಮಾಡ್ತು ಅಂತ ಗೊತ್ತಾಗೋದು."

ಗಿರಿಜಾದೇವಿ ಹೇಳಿದ್ದು ನೂರಕ್ಕೆ ನೂರು ಸರಿ. ಜಗತ್ತಿನಲ್ಲಿ ಯಾವ ಔಷಧಿಯೂ ಆ ದಾರಿಯಲ್ಲದೆ ಬೇರೆ ದಾರಿಯಲ್ಲಿ ಅಂಗಡಿಗೆ ಬರಬಾರದು ಎಂದು ನಾನೂ ನಂಬಿದ್ದೇನೆ. ಆದರೆ ಚಿಕ್ಕಗಂಗಮ್ಮನ ಕಣ್ಣಿಗೆ ಕಂಡದ್ದು ಪ್ರಯೋಗವಲ್ಲ. ಅವಳಿಗೆ ಕಂಡದ್ದು ಎಲೆ ಹಾಕಿ ಕೂರಿಸಿದ ಒಂದು ಪಂಕ್ತಿ. ಅರ್ಧ ಜನಕ್ಕೆ ಬಡಿಸಿ, ಉಳಿದರ್ಧದ ಮುಂದೆ ಬರಿಗೈಯಲ್ಲಿ ದಾಟಿಹೋಗು ಎಂದು ಅವಳಿಗೆ ಹೇಳಿದ್ದರು. ಅವಳು ಬಾಟಲಿಗಳಿಗೆ ಹಾಕಿದ್ದ ಕಷಾಯವನ್ನೂ ನೀರನ್ನೂ ಒಂದೇ ಬಕೆಟ್ಟಿಗೆ ಸುರಿದು, ಕದಡಿ, ಮೇಲಿಂದ ಕೆಳಗಿನವರೆಗೆ ಎಲ್ಲ ಬಾಟಲಿಗಳಿಗೂ ಸಮನಾಗಿ ಹಾಕಿದಳು. ಮಾರನೆಯ ದಿನವೂ ಹಾಗೇ ಮಾಡಿದಳು. ಪ್ರಯೋಗ ಮುಗಿಯುವವರೆಗೂ ಹಾಗೇ ನಡೆಯಿತು. ವ್ಯತ್ಯಾಸ ಕಂಡರೆ ಕಾಯಂ ಎಂದಿದ್ದರಲ್ಲ, ಆ ವ್ಯತ್ಯಾಸವನ್ನು ಅವಳೇ ದಿನಾ ಬೆಳಿಗ್ಗೆ ಬಕೆಟ್ಟಿನಲ್ಲಿ ಕದಡಿ ಇಲ್ಲವಾಗಿಸುತ್ತಿದ್ದಳು. ಅದು ಅವಳಿಗೆ ಹೊಳೆಯಲಿಲ್ಲ. ಇಲಿಗಳೆಲ್ಲ ಗುಣವಾದರೆ ದೊಡ್ಡವರಿಗೆ ಸಂತೋಷವೇ ಆಗುತ್ತದೆಂದು ಅವಳು ಎಣಿಸಿದ್ದಳು.

ಇಲಿಗಳೆಲ್ಲ ಗುಣವಾದವು. ಮೇಲಿನವೂ ಗುಣವಾದವು, ಕೆಳಗಿನವೂ ಗುಣವಾದವು, ಒಂದೇ ಒಂದು ಸಾಯಲಿಲ್ಲ. ಗಿರಿಜಾದೇವಿ ರಕ್ತವನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿ, ಕೊನೆಗೆ ನನ್ನ ಕೋಣೆಗೆ ಬಂದು ಅತ್ತಳು. ಕಷಾಯ ಕುಡಿದದ್ದಕ್ಕೂ ನೀರು ಕುಡಿದದ್ದಕ್ಕೂ ಕೂದಲೆಳೆಯಷ್ಟು ಭೇದವಿಲ್ಲ. ಕಷಾಯ ಸೋತಿತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಟ್ಟುಬಿಡುತ್ತಿದ್ದರು. ಶಂಭುಲಿಂಗಪ್ಪನವರು ಸಾಮಾನ್ಯರಲ್ಲ. ವರದಿಯನ್ನು ತಿರುವಿ ತಿರುವಿ ನೋಡಿ, ಕೆಳಗಿನ ಸಾಲಿನವು ಕುಡಿದದ್ದು ಏನು ಎಂದು ಗಿರಿಜಾದೇವಿಯನ್ನು ಕೇಳಿದರು. ನೀರು ಸಾರ್, ಎಂದಳು. ಎಲ್ಲಿಯ ನೀರು? ಹಿತ್ತಲ ಬಾವಿಯದು. ನಿರ್ದೇಶಕರು ಕುರ್ಚಿಯಿಂದ ಎದ್ದು, ಕಿಟಕಿಯ ಹತ್ತಿರ ಹೋಗಿ, ಬಾವಿಯನ್ನು ಮೊದಲ ಸಲ ನೋಡುವವರಂತೆ ನೋಡಿದರು. ಕೆಟ್ಟ ಯಕೃತ್ತನ್ನು ಬರೀ ನೀರು ಸರಿಮಾಡಿದ್ದರೆ ಅದು ಬರೀ ನೀರಲ್ಲ. ಗಿರಿಜಾದೇವಿ ಏನೋ ಹೇಳಲು ಬಾಯಿ ತೆರೆದಳು. ಅವಳ ಪಿಎಚ್.ಡಿ.ಗೆ ಇನ್ನೂ ಅವರ ಸಹಿ ಆಗಬೇಕಾಗಿತ್ತು, ಬಾಯಿ ಮುಚ್ಚಿಕೊಂಡಳು.

ಆ ಬಾವಿಯ ಬಗ್ಗೆ ಒಂದು ಮಾತು. ವೃಷಭಾವತಿ ಅದರ ಮಗ್ಗುಲಲ್ಲೇ ಹರಿಯುತ್ತಿತ್ತು. ಹೆಸರಿಗೆ ಹೊಳೆಯಾದರೂ ಆಗಲೇ ಅರ್ಧ ಬೆಂಗಳೂರಿನ ಚರಂಡಿಯನ್ನು ಹೊತ್ತಿದ್ದ ನೀರು ಅದು. ಬಾವಿಯ ನೀರು ತಿಳಿಯಾಗಿಯೇ ಇತ್ತು, ಬೇಸಿಗೆಯಲ್ಲಿ ಮಾತ್ರ ಒಂದು ಥರ ಮೂಗಿಗೆ ಬಡಿಯುತ್ತಿತ್ತು. ಗಿರಿಜಾದೇವಿ ಮನೆಯಿಂದ ಕಾಯಿಸಿ ಆರಿಸಿದ ನೀರು ತರುತ್ತಿದ್ದಳು. ನಿರ್ದೇಶಕರಿಗೆ ಬಸವೇಶ್ವರನಗರದ ಅವರ ಮನೆಯಿಂದ ಫ್ಲಾಸ್ಕು ಬರುತ್ತಿತ್ತು. ಬಾವಿಯ ನೀರು ಕುಡಿಯುತ್ತಿದ್ದವರು ನಾನು, ಚಿಕ್ಕಗಂಗಮ್ಮ ಮತ್ತು ಇಲಿಗಳು.

ಪತ್ರಿಕೆಗಳಲ್ಲಿ ಸುದ್ದಿ ಬಂತು. ಕಾಮಾಲೆಗೆ ಬಾವಿಯ ನೀರೇ ಮದ್ದು, ಬೆಂಗಳೂರಿನ ವಿಜ್ಞಾನಿಯ ಶೋಧ. ಬಾಪೂಜಿ ನಗರದಿಂದ, ಕಾಮಾಕ್ಷಿಪಾಳ್ಯದಿಂದ ಜನ ಕ್ಯಾನು, ಬಿಂದಿಗೆ ಹಿಡಿದು ಬರತೊಡಗಿದರು. ಬಾವಿಗೆ ಕಟ್ಟೆ ಕಟ್ಟಿಸಿ, ಮಂತ್ರಿಯೊಬ್ಬರಿಂದ ಉದ್ಘಾಟನೆ ಮಾಡಿಸುವುದೆಂದಾಯಿತು. ಹೊಸ ಹುದ್ದೆಗಳನ್ನು ಮಂತ್ರಿಗಳು ಅಂದೇ ಘೋಷಿಸುತ್ತಾರೆ, ಅದರಲ್ಲಿ ಚಿಕ್ಕಗಂಗಮ್ಮನದೂ ಒಂದು, ಎಂದು ನಿರ್ದೇಶಕರು ಹೇಳಿಕಳಿಸಿದರು. ಆಹ್ವಾನ ಪತ್ರಿಕೆ ಅಚ್ಚಾಗಿ ಬಂದು ನನ್ನ ಮೇಜಿನ ಮೇಲೆ ಕೂತಿತು.

ಆಗ ಚಿಕ್ಕಗಂಗಮ್ಮ ನಿರ್ದೇಶಕರ ಕೋಣೆಗೆ ಬಂದಳು. ನಾನು ಮಂತ್ರಿಗಳ ಭಾಷಣ ಬರೆದುಕೊಳ್ಳುತ್ತ ಕೂತಿದ್ದೆ. ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಡಿದುಕೊಂಡು ಹೇಳಿದಳು.

"ಸಾರ್, ನೀರಿಂದಲ್ಲ. ನಾನು ಎಲ್ಲಕ್ಕೂ ಕಷಾಯ ಹಾಕ್ಬಿಟ್ಟೆ. ಒಂದೇ ಪಂಕ್ತೀಲಿ ಕೂತಿದ್ವು, ಭೇದ ಮಾಡಕ್ಕೆ ಕೈ ಬರ್ಲಿಲ್ಲ."

ನಿರ್ದೇಶಕರ ಮುಖದ ಮೇಲೆ ಏನೇನು ಹಾದುಹೋಯಿತೆಂದು ನಾನು ಕಣ್ಣಾರೆ ಕಂಡೆ. ಮೊದಲು ಸಿಟ್ಟು ಬಂತು. ಹಾಗಾದರೆ ನನ್ನ ಕಷಾಯ ಸೋತಿಲ್ಲ ಎಂಬ ಸಂತೋಷ ಆಮೇಲೆ ಬಂತು. ಅದರ ಹಿಂದೆಯೇ, ಕಷಾಯ ಕುಡಿಯದ ಇಲಿ ಒಂದೂ ಉಳಿದಿಲ್ಲ, ಕಷಾಯವೋ ನೀರೋ ಅಥವಾ ಇಲಿಗಳು ತಾವಾಗಿಯೇ ಎದ್ದವೋ ಹೇಳುವ ದಾರಿಯೇ ಇಲ್ಲ ಎಂಬ ಅರಿವು ಬಂದಿರಬೇಕು, ಏಕೆಂದರೆ ಅವರು ದಡ್ಡರಲ್ಲ. ಕೊನೆಗೆ ಅವರ ಕಣ್ಣು ಆಹ್ವಾನ ಪತ್ರಿಕೆಯ ಮೇಲೆ ಬಿತ್ತು. ಮಂತ್ರಿಗಳ ಹೆಸರು ಚಿನ್ನದ ಬಣ್ಣದಲ್ಲಿ ಅಚ್ಚಾಗಿತ್ತು.

"ಈ ಮಾತು ಇಲ್ಲೇ ಇರ್ಲಿ" ಎಂದರು. "ನಿನಗೆ ಕಾಯಂ ಆಗೋದು ಬೇಕೋ ಬೇಡ್ವೋ?"

ಅವಳಿಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತು ಎಂಬುದು ನನಗೆ ಗೊತ್ತಿದ್ದರಿಂದ, ಅವಳು ತಲೆ ತಗ್ಗಿಸಿ ಹೋದದ್ದನ್ನು ನೋಡಿ ನನಗೆ ಅವರ ಮೇಲೆ ಸಿಟ್ಟು ಬಂತು.

ಉದ್ಘಾಟನೆಯ ದಿನ ಪೆಂಡಾಲು, ಮೈಕು, ಹಾರ. ವೇದಿಕೆಯ ಮೇಲೆ ಮಂತ್ರಿಗಳು, ನಿರ್ದೇಶಕರು, ನಿರ್ದೇಶಕರನ್ನು ಹೊಗಳಲು ಬಂದ ದೊಡ್ಡ ಮನುಷ್ಯರು. ಕೆಳಗೆ ಜನ. ಎಲ್ಲರೂ ಒಟ್ಟಿಗೆ ಬಾವಿಯ ನೀರು ಕುಡಿದು ಕಾರ್ಯಕ್ರಮ ಶುರುಮಾಡುವುದು ಎಂದು ನಿರ್ದೇಶಕರೇ ಯೋಜನೆ ಹಾಕಿದ್ದರು. ಬಡಿಸುವುದರಲ್ಲಿ ಹೆಸರುವಾಸಿಯಾದ್ದರಿಂದ ಲೋಟಗಳ ಹೊಣೆ ಚಿಕ್ಕಗಂಗಮ್ಮನಿಗೆ ಬಂತು. ಪೆಂಡಾಲಿನ ಹಿಂದೆ ಹೋದರೆ ಅಲ್ಲಿ ಎರಡು ಪಾತ್ರೆ. ಒಂದು ತಾಮ್ರದ ಕೊಡ, ಹೂವು ಸುತ್ತಿದ್ದು. ಅದರಲ್ಲಿ ಬಸವೇಶ್ವರನಗರದಿಂದ ಬಂದ, ಏಲಕ್ಕಿ ಹಾಕಿ ಕಾಯಿಸಿ ಆರಿಸಿದ ನೀರು. ಇನ್ನೊಂದು ತಗಡಿನ ಡ್ರಮ್ಮು. ಅದರಲ್ಲಿ ಬಾವಿಯ ನೀರು. ಕೊಡದ್ದು ಮೇಲಕ್ಕೆ, ಡ್ರಮ್ಮಿನದು ಕೆಳಕ್ಕೆ, ಎಂದು ನಿರ್ದೇಶಕರು ಅವಳಿಗೆ ಸನ್ನೆ ಮಾಡಿ ವೇದಿಕೆ ಹತ್ತಿದರು.

ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ಅವಳು ಯೋಚಿಸಲಿಲ್ಲ. ವರ್ಷಗಟ್ಟಲೆ ತಾನೂ ಅದನ್ನೇ ಕುಡಿದವಳು. ಔಷಧಿ ಎಂದು ಊರಿಗೆಲ್ಲ ಹೇಳಿ, ತಮ್ಮ ಎಲೆಗೆ ಬೇರೆ ಬಡಿಸಿಕೊಳ್ಳುತ್ತಾರಲ್ಲ ಎಂಬುದಷ್ಟೇ ಅವಳಿಗೆ ಕಂಡದ್ದು. ಅಡಿಗೆಯವರ ಹಂಡೆಯೊಂದು ಅಲ್ಲಿತ್ತು. ಕೊಡವನ್ನೂ ಡ್ರಮ್ಮನ್ನೂ ಅದಕ್ಕೆ ಬಗ್ಗಿಸಿ, ಕದಡಿ, ಮೇಲಿಂದ ಶುರುಮಾಡಿ ಕೆಳಗಿನ ಕೊನೆಯವನವರೆಗೆ ಒಂದೇ ನೀರು ಕೊಟ್ಟಳು. ಮಂತ್ರಿಗಳು ಕುಡಿದು, ಏಲಕ್ಕಿಯ ಪರಿಮಳ ಬಾವಿಯಲ್ಲೇ ಇದೆ ಎಂದು ಮೈಕಿನಲ್ಲಿ ಹೊಗಳಿದರು, ಹೊಸ ಹುದ್ದೆಗಳ ಮಾತು ಮಾತ್ರ ಎತ್ತಲಿಲ್ಲ. ನಿರ್ದೇಶಕರು ಒಂದು ಗುಟುಕು ಬಾಯಿಗೆ ಹಾಕಿಕೊಂಡು ಬೆಚ್ಚಿಬಿದ್ದರು. ಎಲ್ಲರೂ ನೋಡುತ್ತಿದ್ದರು. ನುಂಗಲೇಬೇಕಾಯಿತು.

ತಿಂಗಳು ಕಳೆಯುವ ಹೊತ್ತಿಗೆ ವೇದಿಕೆ ಹಳದಿಯಾಯಿತು. ಮಂತ್ರಿಗಳು ಮದರಾಸಿಗೆ ಹೋಗಿ ಮಲಗಿದರು. ಹೊಗಳಲು ಬಂದಿದ್ದವರು ಅವರವರ ಮನೆಯಲ್ಲಿ ಮಲಗಿದರು. ಕೆಳಗೆ ನಿಂತು ಕುಡಿದ ಜನಕ್ಕೆ ಹೆಚ್ಚೇನೂ ಆಗಲಿಲ್ಲ. ನಮ್ಮಂಥವರ ಗಲ್ಲಿಗಳಲ್ಲಿ ಬೆಳೆದವರಿಗೆ ಆ ಕಾಯಿಲೆ ಚಿಕ್ಕಂದಿನಲ್ಲೇ ಬಂದು, ಗೊತ್ತೇ ಆಗದೆ ಹೋಗಿರುತ್ತದೆ, ಮತ್ತೆ ಬರುವುದಿಲ್ಲ, ಎಂದು ಗಿರಿಜಾದೇವಿ ವಿವರಿಸಿದಳು. ಕಾಯಿಸಿ ಆರಿಸಿದ ನೀರಿನಲ್ಲಿ ಬೆಳೆದವರಿಗೇ ಪೆಟ್ಟು. ನಮ್ಮ ಸಂಸ್ಥೆಯಲ್ಲಿ ನಾನು ಕೇಳಿದ ಮೊದಲ ಉಪಯುಕ್ತ ವಿಜ್ಞಾನ ಅದು. ಬಾವಿಗೆ ಹಲಗೆ ಮುಚ್ಚಿದರು.

ಶಂಭುಲಿಂಗಪ್ಪನವರದು ಜೋರಾದ ಕಾಮಾಲೆ. ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ವಿದೇಶದ ಹೊಸ ಮಾತ್ರೆಯೊಂದನ್ನು ಕಾಮಾಲೆಯವರ ಮೇಲೆ ಪರೀಕ್ಷಿಸುತ್ತಿದ್ದಾರೆಂದು ಕೇಳಿ, ಶಿಫಾರಸು ಹಿಡಿದು ಆ ವಾರ್ಡಿಗೆ ಸೇರಿಕೊಂಡರು. ನಾನೂ ಚಿಕ್ಕಗಂಗಮ್ಮನೂ ನೋಡಲು ಹೋದೆವು. ಉದ್ದನೆಯ ವಾರ್ಡು, ಎರಡೂ ಗೋಡೆಗೆ ಸಾಲಾಗಿ ಮಂಚಗಳು, ಒಂದೊಂದರ ಮೇಲೂ ಅರಿಶಿನ ಬಳಿದಂಥ ಮುಖ. ನಮ್ಮ ಸಾಹೇಬರು ಕೊನೆಯ ಮಂಚದಲ್ಲಿ ಮೈ ಕೆರೆದುಕೊಳ್ಳುತ್ತ ಮುದುರಿ ಕೂತಿದ್ದರು. ಅವಳನ್ನು ಕಂಡು ಅವರ ಹಳದಿ ಕಣ್ಣುಗಳು ತುಂಬಿದವು.

ಸಂಗತಿ ಏನೆಂದರೆ, ಸೇರಿದ ಮೇಲೆ ಅವರಿಗೆ ತಿಳಿದಿತ್ತು: ಅಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ನೋಡಲು ಹಾಗೇ ಇರುವ ಹಿಟ್ಟಿನ ಉಂಡೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ನರ್ಸಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

"ಚಿಕ್ಕಗಂಗಮ್ಮ, ನಾನು ಕೆಳಗಿನ ಸಾಲಲ್ಲಿದೀನಿ ಅಂತ ಅನ್ಸತ್ತೆ" ಎಂದರು. "ನೀವು ಒಂದು ಉಪಕಾರ ಮಾಡಿ. ಅಲ್ಲಿ ಮೇಜಿನ ಮೇಲೆ ಎರಡು ಡಬ್ಬಿ ಇದಾವೆ. ಅವತ್ತು ಮಾಡಿದ್ರಲ್ಲ, ಹಂಗೆ ಒಂದು ಮಾಡ್ಬಿಡಿ. ನಿಮ್ಮ ಕಾಯಂ ಆರ್ಡರ್‌ಗೆ ಇಲ್ಲೇ ಸಹಿ ಹಾಕ್ತೀನಿ."

ಅಷ್ಟು ವರ್ಷದಲ್ಲಿ ಅವರು ಅವಳಿಗೆ ನೀವು ಎಂದದ್ದು ಅದೇ ಮೊದಲು. ಚಿಕ್ಕಗಂಗಮ್ಮ ಡಬ್ಬಿಗಳನ್ನು ನೋಡಿದಳು, ಮಂಚಗಳನ್ನು ನೋಡಿದಳು. ಅವಳಿಗೆ ಅವರ ಮೇಲೆ ಸಿಟ್ಟಿರಲಿಲ್ಲ, ನನಗಿತ್ತು.

"ಇಲಿಗೂ ಹಿಂಗೇ ಆಗಿರ್ತದೆ ಸಾರ್" ಎಂದಳು ಮೆಲ್ಲಗೆ. "ಇಲ್ಲಿ ಬಡಿಸೋರು ಬೇರೆಯವ್ರು, ನಾನು ಕೈ ಹಾಕೋಹಂಗಿಲ್ಲ. ನಾಳೆ ಬರ್ತೀನಿ."

ಮಾರನೆಯ ದಿನ ಅವಳು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿ ತಂದಳು. ಸಾಹೇಬರಿಗೆಂದು ಚೊಂಬಿನಲ್ಲಿ ತಂದಾಳೆಂದು ನಾನು ಎಣಿಸಿದ್ದೆ. ತಂದದ್ದು ಕೊಡದಲ್ಲಿ. ಅಷ್ಟು ಮಂಚಗಳ ನಡುವೆ ಒಬ್ಬರಿಗೆ ಮಾತ್ರ ಕೊಡುವುದು ಹೇಗೆ? ಬಾಗಿಲ ಹತ್ತಿರದ ಮಂಚದಿಂದ ಶುರುಮಾಡಿ ಲೋಟ ಲೋಟ ಕೊಡುತ್ತ ಬಂದಳು. ನರ್ಸು ತಡೆಯಲು ಬಂದಾಗ, ಬರೀ ಮಜ್ಜಿಗೆ, ಕೊಡಲಿ ಬಿಡಿ, ಎಂದವರು ಶಂಭುಲಿಂಗಪ್ಪನವರೇ. ಆ ವಾರ್ಡಿನ ಪ್ರಯೋಗ ಅದರಿಂದ ಕೆಡುತ್ತದೆಂದು ಅಲ್ಲಿದ್ದವರಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ತಮ್ಮ ಸರದಿ ಬರುವವರೆಗೂ ಲೋಟ ಹಿಡಿದುಕೊಂಡು ಕೂತಿದ್ದರು. ಅವಳು ದಿನಾ ಹೋದಳು. ವಾರ್ಡಿಗೆ ವಾರ್ಡೇ ಎದ್ದು ಮನೆಗೆ ಹೋಯಿತು. ಮಾತ್ರೆಗೂ ಹಿಟ್ಟಿಗೂ ವ್ಯತ್ಯಾಸ ಕಾಣಲಿಲ್ಲವೆಂದು ಆಸ್ಪತ್ರೆಯವರು ಬರೆದರಂತೆ. ಮಜ್ಜಿಗೆಯಿಂದ ಎದ್ದರೋ, ಆ ಕಾಯಿಲೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುವುದರಿಂದ ಎದ್ದರೋ, ನನ್ನನ್ನು ಕೇಳಬೇಡಿ.

ಸಾಹೇಬರು ಕೆಲಸಕ್ಕೆ ವಾಪಸಾದರು. ಸ್ವಲ್ಪ ಬಡವಾಗಿದ್ದರು, ಉಳಿದಂತೆ ಮೊದಲಿನ ಹಾಗೇ ಇದ್ದರು. ಕೊಟ್ಟ ಮಾತು ಮಾತ್ರ ಉಳಿಸಿಕೊಂಡರು. ಚಿಕ್ಕಗಂಗಮ್ಮನ ಕಾಯಂ ಆದೇಶವನ್ನು ಟೈಪ್ ಮಾಡಿದವನು ನಾನು. ಹುದ್ದೆ ಅಡಿಗೆಕೋಣೆಯಲ್ಲಿ, ಸಿಬ್ಬಂದಿಗೆ ಕಾಫಿ ತಿಂಡಿ ಬಡಿಸುವುದು. ಕೊನೆಯ ಸಾಲು ಅವರೇ ಹೇಳಿ ಬರೆಸಿದ್ದು: ಸದರಿಯವರು ಇನ್ನು ಮುಂದೆ ಇಲಿಮನೆಗೆ ಕಾಲಿಡತಕ್ಕದ್ದಲ್ಲ. ಸಂಶೋಧನೆಯ ದೃಷ್ಟಿಯಿಂದ ಅದು ಸರಿಯೇ. ಅವಳಂಥವರು ಇಲಿಮನೆಯಲ್ಲಿದ್ದರೆ ಜಗತ್ತಿಗೆ ಒಂದು ಔಷಧಿಯೂ ಸಿಗುವುದಿಲ್ಲ.

ಆದೇಶವನ್ನು ಸಾಹೇಬರ ಎದುರಿಗೇ ನಾನು ಓದಿ ಹೇಳಿದೆ. ಅವಳು ಕಾಗದವನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಆದರೆ ಹೊರಡಲಿಲ್ಲ. ಇಲಿಮನೆಗೆ ಹೊಸಬನನ್ನು ಹಾಕಿದ್ದರು, ಹೊಸ ಪ್ರಯೋಗ ಶುರುವಾಗಿತ್ತು.

"ಕೆಳಗಿನ ಸಾಲಿಗೆ ಈಗ ಏನ್ ಹಾಕ್ತಾರೆ ಸಾರ್?" ಎಂದು ಕೇಳಿದಳು.

ಶಂಭುಲಿಂಗಪ್ಪನವರು ಕಡತದಿಂದ ತಲೆ ಎತ್ತಲಿಲ್ಲ. "ನೀರು" ಎಂದರು.